ಒಂದು ಚಿಟಿಕೆ ತುಪ್ಪಟ

ಕುರಿ ಮಾರಿದರೆ ಅದರ ಬೆನ್ನಿನಿಂದ ಒಂದು ಚಿಟಿಕೆ ಉಣ್ಣೆ ಕೀಳದೆ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಉಣ್ಣೆಗೆ ನಾವು ತುಪ್ಪಟ ಎನ್ನುತ್ತೇವೆ. ಕಿತ್ತ ತುಪ್ಪಟವನ್ನು, ಕುರಿ ಕೂಡುವ ದಡ್ಡಿಯಲ್ಲಿ ಉಳಿದ ಕುರಿಗಳ ಮೇಲೆ ಹಾಕಬೇಕು. ಇಲ್ಲದಿದ್ದರೆ ಹೋದ ಕುರಿಯ ಹಿಂದೆಯೇ ಮನೆಯ ಏಳಿಗೆಯೂ ಹೊರಟುಹೋಗುತ್ತದಂತೆ. ಟೀಚರ್ ಕೆಲಸ ಸಿಕ್ಕ ಹೊಸದರಲ್ಲಿ ನಾನು ಇದೆಲ್ಲ ಮೂಢನಂಬಿಕೆ ಎಂದು ಅಣ್ಣನ ಹತ್ತಿರ ವಾದಕ್ಕೆ ನಿಂತಿದ್ದೆ.

"ಪರೀಕ್ಷೆ ದಿನ ನಿಮ್ ಇಸ್ಕೂಲ್ ಮಕ್ಳು ಪೆನ್ನಿಗೆ ಕುಂಕುಮ ಇಕ್ಕಲ್ವಾ? ಅಂಗೇ ಇದೂ ಕಣಮ್ಮ" ಎಂದು ನನ್ನ ಬಾಯಿ ಮುಚ್ಚಿಸಿದ್ದ.

ನಮ್ಮದು ತೆಲುಗು ಗಡಿಯ ರಾಯಚರ್ಲು ಕಡೆ. ಕುರಿಯಿತ್ತು, ಭೂಮಿಯಿರಲಿಲ್ಲ. ಇಲ್ಲ ಎಂದು ನಮಗೆ ಅನ್ನಿಸಿದ್ದೂ ಇಲ್ಲ. ಕಡಲೆಕಾಯಿ ಕಿತ್ತ ಮೇಲೆ ಹೊಲದವರೇ ಬಂದು ಕರೆಯುತ್ತಿದ್ದರು. ಅವರ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಅವರಿಗೆ ಗೊಬ್ಬರ, ನಮಗೆ ರಾಗಿ.

ಸೋಲಾರ್ ಪಾರ್ಕ್ ಬಂದಾಗ ಹೊಲವಿದ್ದವರು ಅದಕ್ಕೆ ಹೊಲ ಗುತ್ತಿಗೆಗೆ ಕೊಟ್ಟರು. ಅಪ್ಪನ ಕಾಲದಿಂದ ನಾವು ಮಂದೆ ನಿಲ್ಲಿಸುತ್ತಿದ್ದ ಹೊಲದ ಯಜಮಾನರೂ ಕೊಟ್ಟರು. ಅಣ್ಣನನ್ನು ಕಂಡು ತಲೆ ತಗ್ಗಿಸಿ, "ಏಂ ಚೇಸೇದಿ, ಏನ್ ಮಾಡ್ಲಪ್ಪಾ? ಮಳೆ ನಂಬ್ಕಂಡು ಎಷ್ಟ್ ವರ್ಸ ಆಕಾಸ ನೋಡಾದು?" ಎಂದರಂತೆ. ಅವರ ಮೇಲೆ ಸಿಟ್ಟಾಗಲು ನನ್ನಿಂದ ಆಗುವುದಿಲ್ಲ. ನನ್ನ ಸಿಟ್ಟು ಬೇರೆ. ಪಹಣಿಯಲ್ಲಿ ಹೆಸರಿದ್ದವರನ್ನು ಅಧಿಕಾರಿಗಳು ಕುರ್ಚಿ ಹಾಕಿ ಕೂರಿಸಿ ಕೇಳಿದರು. ಅದೇ ನೆಲದಲ್ಲಿ ಕುರಿ ಮೇಯಿಸುತ್ತಿದ್ದವರನ್ನು, ಇನ್ನು ನಿಮ್ಮ ಗತಿ ಏನಪ್ಪಾ ಎಂದು ಒಬ್ಬರೂ ಕೇಳಲಿಲ್ಲ. ಪಹಣಿಯಲ್ಲಿ ಕುರಿಗೆ ಕಾಲಂ ಇಲ್ಲವಲ್ಲ!

ಹೊಲಗಳ ಸುತ್ತ ತಂತಿ ಬೇಲಿ ಎದ್ದಿತು. ಅಣ್ಣ ಮಂದೆ ಹೊಡೆದುಕೊಂಡು ಬುಕ್ಕಾಪಟ್ಟಣದವರೆಗೂ ಹೋದ. ಅದು ಚಿಂಕಾರ ಜಿಂಕೆಗಳ ಕಾಡು, ಕುರಿ ಬಿಡುವಂತಿಲ್ಲ ಎಂದು ಫಾರೆಸ್ಟಿನವರು ಅಲ್ಲಿಂದ ವಾಪಸು ಕಳಿಸಿದರು. ಊರಿಗೆ ಬಂದರೆ ಬೇಲಿಯೊಳಗೆ ಹಸಿರೋ ಹಸಿರು! ಧೂಳು ತೊಳೆಯಲು ಪ್ಯಾನೆಲ್‌ಗಳಿಗೆ ನೀರು ಹಾಯಿಸುತ್ತಾರೆ. ಆ ನೀರಿಗೆ ಬೇಸಿಗೆಯಲ್ಲೂ ಅವುಗಳ ಅಡಿಯಲ್ಲಿ ಹುಲ್ಲು. ಅದನ್ನು ಕತ್ತರಿಸಿ ಬಿಸಾಡಲು ಆಳು, ಮಿಷನ್ನು. ನಮ್ಮ ಕುರಿಗಳು ತಂತಿಗೆ ಮೂತಿ ಒತ್ತಿಕೊಂಡು ನಿಲ್ಲುತ್ತಿದ್ದವು.

"ಒಂದೊತ್ತು ಬುಡಪ್ಪಾ, ನಿಮ್ಗೂ ಮಿಷನ್ ಕೆಲ್ಸ ಉಳೀತದೆ" ಎಂದು ಅಣ್ಣ ಗೇಟಿನ ಕಾವಲುಗಾರನನ್ನು ಕೇಳಿದ. ಅವನೂ ನಮ್ಮೂರಿನವನೇ.

"ಬುಟ್ರೆ ನನ್ ಕೆಲ್ಸ ಓಯ್ತದೆ ಕಣಣ್ಣ" ಎಂದ.

ಮೇವಿಲ್ಲದೆ ಮರಿಗಳು ಸೊರಗಿದವು. ಅಣ್ಣ ಸಂತೆಗೆ ಒಂದೆರಡು, ಹಬ್ಬಕ್ಕೆ ಒಂದೆರಡು ಎಂದು ಮಾರುತ್ತ ಬಂದ. ಪ್ರತಿ ಸಲವೂ ತುಪ್ಪಟ ಕಿತ್ತು ಉಳಿದವುಗಳ ಮೇಲೆ ಹಾಕುತ್ತಿದ್ದ. ಉಳಿದವಾದರೂ ಉಳಿಯಲಿ ಎಂಬ ಆಸೆ ಅವನಿಗೆ.

ಹೋದ ಬೇಸಿಗೆ ರಜೆಯಲ್ಲಿ ನಾನು ಮಧುಗಿರಿಯಿಂದ ತವರಿಗೆ ಹೋಗಿದ್ದೆ. ಹೊರಡುವ ದಿನ, ಮಿಕ್ಕ ಕುರಿಗಳನ್ನೆಲ್ಲ ಒಯ್ಯಲು ಶಿರಾದ ವ್ಯಾಪಾರಿ ಟೆಂಪೋ ತಂದ. ಅಣ್ಣ ಒಂದೊಂದನ್ನೇ ಎತ್ತಿ ಹತ್ತಿಸುತ್ತ, ಒಂದೊಂದರಿಂದಲೂ ಚಿಟಿಕೆ ತುಪ್ಪಟ ಕಿತ್ತುಕೊಂಡ. ಟೆಂಪೋ ಬಾಗಿಲು ಹಾಕಿದ್ದೇ ತಡ, ಹಿಂದಿರುಗಿ ಸರಸರನೆ ದಡ್ಡಿಯೊಳಗೆ ಹೋಗಿ ಕೈ ಎತ್ತಿದ.

ಒಳಗೆ ಬರೀ ಹಿಕ್ಕೆ. ಎತ್ತಿದ ಕೈ ಹಾಗೇ ನಿಂತಿತು.

ನನಗೆ ತಡೆಯಲಾಗಲಿಲ್ಲ. ಮೂಢನಂಬಿಕೆ ಎಂದಿದ್ದ ಟೀಚರಮ್ಮನೇ ಓಡಿಹೋಗಿ ಟೆಂಪೋಗೆ ಅಡ್ಡ ನಿಂತೆ. "ಒಂದನ್ನ ಇಳ್ಸಿ, ಒಂದೇ ಒಂದು!" ಎಂದು ಕೂಗಿದೆ. ವ್ಯಾಪಾರಿ ಒಳ್ಳೆಯ ಮನುಷ್ಯ. "ಇಳಿಸ್ಕೊ ಭಾಯ್, ಯಾವ್ದು ಬೇಕೋ ಇಳಿಸ್ಕೊ" ಎಂದ.

"ಬ್ಯಾಡ ಬುಡಿ ಸಾಬ್ರೆ. ಒಂಟಿ ಕುರಿ ಮೇವು ಮುಟ್ಟಲ್ಲ, ಅರಚ್ಕಂಡು ಅರಚ್ಕಂಡೇ ಸಾಯ್ತದೆ" ಎಂದ ಅಣ್ಣ.

ಟೆಂಪೋ ಹೋಯಿತು. ಅಣ್ಣ ಮುಷ್ಟಿ ಬಿಚ್ಚಿ ನೋಡಿಕೊಂಡ. ಆಮೇಲೆ ನನ್ನ ಹತ್ತಿರ ಬಂದು, "ತಗೊ, ನಿನ್ ಇಸ್ಕೂಲ್ ಮಕ್ಳಿಗೆ ತೋರ್ಸು" ಎಂದು ಕೈ ಚಾಚಿದ.

ತಮಾಷೆಗೆ ಅಂದನೋ, ಸಂಕಟಕ್ಕೆ ಅಂದನೋ, ಕೇಳುವ ಧೈರ್ಯ ನನಗಿರಲಿಲ್ಲ. ಅವ್ವ ಆಗಲೇ ನನ್ನ ಸೆರಗಿಗೆ ಮಡಿಲಕ್ಕಿ ತುಂಬಿದ್ದಳು. ಅದೇ ಸೆರಗು ಬಿಚ್ಚಿ ಒಡ್ಡಿದೆ. ಅಕ್ಕಿಯ ಮೇಲೆ ತುಪ್ಪಟ ಹಾಕಿದ. ಗಂಟು ಕಟ್ಟಿಕೊಂಡು ಮಧುಗಿರಿ ಬಸ್ಸು ಹತ್ತಿದೆ.