ಹತ್ತಿ ಬಂದರೆ ಅವ್ವ ಹೋಗುತ್ತಿದ್ದಳು

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಹತ್ತಿಗೆ ಬೇರೆ ಗೋದಾಮು ಎಲ್ಲಿತ್ತು? ಮನೆಯೇ ಗೋದಾಮು. ನವಲಗುಂದದಿಂದ ಸ್ವಲ್ಪ ಒಳಗಿದ್ದ ನಮ್ಮೂರಿನಲ್ಲಿ ಶಿವರಾತ್ರಿ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ಹೊಲದಿಂದ ಚಕ್ಕಡಿಗಳು ಬರುತ್ತಿದ್ದವು. ಪಡಸಾಲೆಯಲ್ಲಿ ತೊಲೆ ಮುಟ್ಟುವವರೆಗೆ ಹತ್ತಿ ಏರುತ್ತಿತ್ತು. ಉಳಿದವರಿಗೆ ಅದು ಲಕ್ಷ್ಮಿ ಮನೆಗೆ ಬಂದ ದಿನ. ನಮ್ಮಲ್ಲಿ ಅದು ಅವ್ವ ಗಂಟು ಕಟ್ಟುವ ದಿನ.

ಅವ್ವನಿಗೆ ದಮ್ಮಿನ ಬೇನೆ ಇತ್ತು. ಹತ್ತಿಯ ಧೂಳು ಮೂಗಿಗೆ ಹೋದರೆ ಸಾಕು, ಎದೆಯೊಳಗೆ ಸಿಳ್ಳೆಯಂಥ ಸದ್ದು ಶುರು. ಗೋಡೆಗೆ ಎರಡೂ ಕೈ ಊರಿ, ಬಾಯಿ ತೆರೆದು ನಿಂತುಬಿಡುತ್ತಿದ್ದಳು. ಹಾಗಾಗಿ ಹತ್ತಿ ಮಾರಿ ಮನೆ ಖಾಲಿಯಾಗುವವರೆಗೆ ಅವಳು ದೇವಿಕೊಪ್ಪದ ತವರಿನಲ್ಲಿ ಇರುತ್ತಿದ್ದಳು. ಅಲ್ಲಿ ಭತ್ತ ಬೆಳೆಯುತ್ತಾರೆ, ಹತ್ತಿಯಿಲ್ಲ. ನಾನೂ ತಂಗಿ ಗೌರಿಯೂ ಅಪ್ಪನ ತಾಯಿಯ ಹತ್ತಿರ ಉಳಿಯುತ್ತಿದ್ದೆವು. ಆಕೆಯನ್ನು ನಾವು ಆಯಿ ಅನ್ನುತ್ತಿದ್ದೆವು.

"ಅವ್ವ ಯಾವಾಗ ಬರ್ತಾಳಬೇ ಆಯಿ?" ಗೌರಿ ದಿನಾ ಕೇಳುವಳು.

"ಹತ್ತಿ ಹೋಗ್ಲಿ ತಡಿ. ಹತ್ತಿ ಹೋತಂದ್ರ ನಿಮ್ಮವ್ವ ಬಂದ್ಲು ಅಂತ ತಿಳಿ."

ಸುಳ್ಳು ಯಾಕೆ ಹೇಳಲಿ, ಹತ್ತಿ ನಮಗೆ ಪ್ರೀತಿಯೇ ಆಗಿತ್ತು. ಅಟ್ಟದಿಂದ ರಾಶಿಯ ಮೇಲೆ ಧುಮುಕುವುದು, ಕುತ್ತಿಗೆಯ ತನಕ ಹುದುಗಿ ಕೂಡುವುದು. ಬಿಸಿಲು ಕುಡಿದು ಬಂದ ಹತ್ತಿ ಬೆಚ್ಚಗಿರುತ್ತಿತ್ತು, ಹತ್ತಿಕಾಳಿನ ಎಣ್ಣೆಯ ವಾಸನೆ ಮೈಗೆಲ್ಲ ಹತ್ತುತ್ತಿತ್ತು. ಊಟವೂ ರುಚಿಯಾಗುತ್ತಿತ್ತು. ಅವ್ವ ಇದ್ದಾಗ ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಒಗ್ಗರಣೆಯೂ ಹಿತ್ತಿಲ ಒಲೆಯಲ್ಲೇ ಆಗಬೇಕು. ಅವಳು ಹೋದ ಸಂಜೆಯೇ ಆಯಿ ಒಳಗೆ ಚುರ್ರೆಂದು ಒಗ್ಗರಣೆ ಹಾಕುವಳು. ನಾವು ಬಾಯಿ ಚಪ್ಪರಿಸಿ ಉಣ್ಣುತ್ತಿದ್ದೆವು, ಆಮೇಲೆ ಹಾಸಿಗೆಯಲ್ಲಿ ಅವ್ವ ಬೇಕೆಂದು ಅಳುತ್ತಿದ್ದೆವು.

ಔಷಧ ಹುಬ್ಬಳ್ಳಿಯಿಂದ ಬರಬೇಕಿತ್ತು. ತುಟ್ಟಿ ಗುಳಿಗೆ. ಅವ್ವ ಅದನ್ನು ಉಗುರಿನಿಂದ ಮುರಿದು ಅರ್ಧ ನುಂಗಿ, ಉಳಿದರ್ಧ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು.

"ಇಡೀದು ನುಂಗ," ಅಪ್ಪ ಬೈಯುವನು.

"ಅರ್ಧಕ್ಕೇ ಆರಾಮ ಆತ್ರಿ," ಅನ್ನುವಳು, ಭುಜ ಇನ್ನೂ ಮೇಲೆ ಕೆಳಗೆ ಆಗುತ್ತಿದ್ದರೂ.

ಆ ವರ್ಷ ಹತ್ತಿಗೆ ದರ ಬರಲಿಲ್ಲ. ತಡೆಯಿರಿ, ಏರುತ್ತದೆ ಅಂದರು ದಲಾಲರು. ಅಪ್ಪ ತಡೆದ. ಅವನ ಮನಸ್ಸಿನಲ್ಲಿದ್ದದ್ದು ಒಂದೇ: "ನಾಕು ರೂಪಾಯಿ ಹೆಚ್ಚಿಗಿ ಸಿಕ್ರ ಹುಬ್ಬಳ್ಳಿ ದೊಡ್ಡ ಡಾಕ್ಟರಿಗೆ ತೋರಸೂಣು. ವರ್ಷದ ಗುಳಿಗಿ ಒಮ್ಮೆಲೇ ತಂದಿಡೂಣು." ಅವ್ವನ ಉಸಿರಿಗೆ ರೊಕ್ಕ ಹತ್ತಿಯಿಂದಲೇ ಬರಬೇಕು, ಹತ್ತಿ ಇರುವತನಕ ಅವ್ವ ಬರುವ ಹಾಗಿಲ್ಲ. ಎಂಥಾ ಪೇಚು ನೋಡಿ! ಯುಗಾದಿ ಹೋಯಿತು, ಬಸವ ಜಯಂತಿ ಹೋಯಿತು, ಹತ್ತಿ ಅಲ್ಲಾಡಲಿಲ್ಲ.

ಅಷ್ಟರಲ್ಲಿ ದೇವಿಕೊಪ್ಪದಲ್ಲಿ ಮಳೆ ಹಿಡಿಯಿತು. ಗೋಡೆಯ ಥಂಡಿಗೆ ಅವ್ವನ ದಮ್ಮು ಹೆಚ್ಚಾಗಿದೆ ಎಂದು ಸೋದರಮಾವ ಹೇಳಿ ಕಳಿಸಿದ. ಅಪ್ಪ ಇನ್ನು ತಡೆಯಲಿಲ್ಲ. ಸಿಕ್ಕ ದರಕ್ಕೆ ಅಷ್ಟೂ ಹತ್ತಿ ಮಾರಿಬಿಟ್ಟ. ತೊಲೆ ಜಾಡಿಸಿದ, ಗೋಡೆ ತೊಳೆದ, ನಾವು ನೆಲ ಸಾರಿಸಿದೆವು. ಹುಬ್ಬಳ್ಳಿ ಡಾಕ್ಟರ ಮಾತು ಅಲ್ಲಿಗೇ ನಿಂತಿತು. ಅದೇ ಸಂಕಟಕ್ಕೋ ಏನೋ, ಅಪ್ಪ ಒಂದು ಕೆಲಸ ಮಾಡಿದ. ಮಾರುವಾಗ ತೆಗೆದಿರಿಸಿದ್ದ ಒಂದಿಷ್ಟು ಒಳ್ಳೆಯ ಹತ್ತಿಯ ಕಾಳು ಬಿಡಿಸಿ, ಹತ್ತಿ ಹಿಂಜುವ ಪಿಂಜಾರ ಕಾಕಾನನ್ನು ಕರೆಸಿದ. ತೊಳೆದ ಪಡಸಾಲೆಯಲ್ಲೇ ಕಾಕಾ ಬಿಲ್ಲು ಮಿಡಿದ. ಬಿಳೀ ಎಳೆಗಳು ಮನೆಯೆಲ್ಲ ಹಾರಾಡಿದವು, ಗೌರಿ ಅವುಗಳ ಹಿಂದೆ ಓಡಾಡಿದಳು. ಅವ್ವನಿಗೆಂದು ಹೊಸ ಗಾದಿ ತಯಾರಾಯಿತು. ಆಯಿಗಾಗಲಿ, ಅಪ್ಪನಿಗಾಗಲಿ, ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ರಾಶಿ ಇದ್ದರೆ ಅದು ಹತ್ತಿ, ಅರಿವೆ ಹೊಲಿದರೆ ಅದು ಹಾಸಿಗೆ.

ಅವ್ವ ಸಂಜೆಯ ಬಸ್ಸಿಗೆ ಬಂದಳು. ಎಷ್ಟು ಬಡವಾಗಿದ್ದಳೆಂದರೆ ಬಳೆ ಮೊಣಕೈ ತನಕ ಜಾರುತ್ತಿದ್ದವು. ಗಾದಿಯ ಮೇಲೆ ಕೈಯಾಡಿಸಿ ನಕ್ಕಳು.

"ನನಗ್ಯಾಕ್ರೀ ಇಷ್ಟು ಮೆತ್ತಂದು? ನಾನೇನು ಹೊಸಾ ಮದುಮಗಳೇನು?"

"ಸುಮ್ಕ ಮಲ್ಕೋ. ಚಾಪಿ ಮ್ಯಾಲ ಕುಂತು ಕುಂತು ಎಲುಬು ಸವದಾವು ನಿನ್ನವು," ಅಂದ ಅಪ್ಪ. ಅವನು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬೆಳಗಾಗುವ ಹೊತ್ತಿಗೆ ಅವ್ವನ ಎದೆ ಎಳೆಯುತ್ತಿತ್ತು. ಒರಗಿ ಕೂತರೆ ಆರಾಮವಾದೀತೆಂದು ಅದೇ ಗಾದಿಯನ್ನು ಸುತ್ತಿ ಬೆನ್ನಿಗೆ ಕೊಟ್ಟೆವು. ಸೆರಗಿನಲ್ಲಿದ್ದ ಅರ್ಧ ಗುಳಿಗೆ ಕೊಟ್ಟೆವು. ತಡೆಯದಾದಾಗ ಅಪ್ಪ ಚಕ್ಕಡಿ ಹೂಡಿದ. ದಾರಿಯಲ್ಲಿ ಕುಲುಕಬಾರದೆಂದು ಗಾದಿಯನ್ನೇ ಚಕ್ಕಡಿಗೆ ಹಾಸಿ ಅವಳನ್ನು ಮಲಗಿಸಿದ. ನವಲಗುಂದದವರೆಗೂ ಅವ್ವ ಅದರಲ್ಲೇ ಮುಖ ಒತ್ತಿಕೊಂಡಿದ್ದಳು.

ಡಾಕ್ಟರು ಇಂಜೆಕ್ಷನ್ ಕೊಟ್ಟು ಕೇಳಿದರು, "ಮನ್ಯಾಗ ಹತ್ತಿ ಐತೇನು?"

"ಇಲ್ರೀ ಸಾಹೇಬ್ರ. ಒಂದು ಎಳಿನೂ ಇಲ್ರಿ. ಎಲ್ಲಾ ಮಾರೇನ್ರಿ," ಅಂದ ಅಪ್ಪ, ಕೈ ಮುಗಿದು. ಖರೇ ಹೇಳುತ್ತಿದ್ದೇನೆ ಎಂದೇ ಅವನು ನಂಬಿದ್ದ. ಗಾದಿ ಹೊರಗೆ ಚಕ್ಕಡಿಯಲ್ಲಿತ್ತು.

ಮಧ್ಯಾಹ್ನದೊಳಗೆ ಅವ್ವ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಅಪ್ಪ ಚಕ್ಕಡಿಯಿಂದ ಗಾದಿ ಇಳಿಸಿದ. ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿತ್ತು, ಅವನ ಅಂಗೈಗೆ ಒಂದಿಷ್ಟು ಹತ್ತಿ ಬಂತು. ಅದನ್ನೇ ನೋಡುತ್ತ ನಿಂತ. "ಎಲ್ಲಾ ಮಾರೇನಿ ಅಂದೆನಲ್ಲೋ ಶಿವನೇ," ಅಂದ. ಆಮೇಲೆ ಬದುಕಿರುವವರೆಗೆ ಬರೀ ಜಮಖಾನದ ಮೇಲೆ ಮಲಗಿದ.

ಮರುವರ್ಷ ಮತ್ತೆ ಹತ್ತಿ ಬಂತು. ಗಂಟು ಕಟ್ಟಿ ಹೊರಡುವವರು ಯಾರೂ ಇರಲಿಲ್ಲ. ನಾವು ರಾಶಿಗೆ ಧುಮುಕಲಿಲ್ಲ. ಹತ್ತಿ ಮಾರಿ ಕೊನೆಯ ಚಕ್ಕಡಿ ಹೋದ ಸಂಜೆ ಗೌರಿ ಕಾಣಲಿಲ್ಲ. ನಾನೂ ಅಪ್ಪನೂ ಹುಡುಕುತ್ತ ಹೋದರೆ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಕೂತಿದ್ದಾಳೆ, ಮುಖ ತೊಳೆದು, ತಾನೇ ಹೆಣೆದುಕೊಂಡ ಸೊಟ್ಟ ಜಡೆಯಲ್ಲಿ.

"ಹತ್ತಿ ಹೋತಲ್ಲಪ್ಪಾ," ಅಂದಳು. "ಅವ್ವ ಬರ್ತಾಳ."

ಅಪ್ಪ ಅವಳ ಬಾಜೂಕ್ಕೆ ಕೂತ. ಬಸ್ಸು ಬಂದು, ಮಂದಿ ಇಳಿದು, ಬಸ್ಸು ಹೋಗುವ ತನಕ ಕೂತೇ ಇದ್ದ.

ಅವ್ವನ ದಮ್ಮು ನನಗೆ ಬಂದಿದೆ. ಈಗ ಬ್ಯಾಗಿನಲ್ಲಿ ಸಣ್ಣದೊಂದು ಪಂಪು ಇರುತ್ತದೆ, ಎಳೆದರೆ ಎದೆ ಹಗುರ. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ತಿಳಿಯದ ಸಿಟ್ಟು. ಹತ್ತಿ ಈಗ ಮನೆಗೆ ಬರುವುದೇ ಇಲ್ಲ. ಹೊಲದಲ್ಲೇ ತೂಗಿ ಲಾರಿಗೆ ಹೇರುತ್ತಾರೆ. ಊರಿಗೆ ಹೋದಾಗ ಪಡಸಾಲೆಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ನೆಲಕ್ಕೆ ಫರಸಿ ಕಲ್ಲು ಬಂದಿದೆ, ಒಂದು ಎಳೆ ಹತ್ತಿಯೂ ಇಲ್ಲ. ವರ್ಷವಿಡೀ ಅವ್ವ ಇರಬಹುದಾಗಿದ್ದ ಮನೆ.