ಎಂಜಲು ಗಾಳಿ

ನಿನ್ನೆ ಸಂಜೆ ಪಕ್ಕದ ಮನೆಯ ಶಿಲ್ಪ ಬೇಲಿಯಾಚೆಯಿಂದ ಕೂಗಿದಳು. "ಆಂಟಿ, ನಮ್ಮನೆಯೋರು ಫೋನೇ ಎತ್ತುತಿಲ್ಲ. ಕೋಡುಗಲ್ಲಿನ ಮರೇಲಿರೋ ಹಳೇ ಫ್ಯಾನ್ ಹತ್ತಿದಾರಂತೆ. ಇಳಿದ್ರೋ ಇಲ್ವೋ, ಇಲ್ಲಿಂದ ನೋಡಿದ್ರೆ ಗೊತ್ತಾಗ್ತೈತಾ?" ಮದುವೆಯ ಅರಿಶಿನ ಇನ್ನೂ ಆರಿಲ್ಲ ಅವಳಿಗೆ, ಪಾಪ. ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ ನಮ್ಮ ಹೊಸದುರ್ಗದ ಕಡೆ ಫ್ಯಾನು ಎಂದೇ ಹೆಸರು. ನೋಡಿದರೆ ಗೊತ್ತಾಗುತ್ತದೆ. ಆದರೆ ಗುಡ್ಡದ ಕಡೆ ನೋಡುವುದನ್ನು ನಾನು ಬಿಟ್ಟು ವರ್ಷಗಳಾದವು. ಆ ದಿಕ್ಕಿನ ಕಿಟಕಿಯನ್ನೂ ತೆಗೆಯುವುದಿಲ್ಲ.

ನನ್ನ ಯಜಮಾನರೂ ಫ್ಯಾನು ರಿಪೇರಿಯವರು. ನಾನೋ, ತಾರಸಿ ಹತ್ತಿ ಹಪ್ಪಳ ಒಣಗಿಸಲೂ ಹೆದರುವವಳು! ಅವರ ಪಾಲಿಗೆ ಬರುತ್ತಿದ್ದದ್ದೂ ಹೆಚ್ಚಾಗಿ ಅದೇ ಹಳೇ ಫ್ಯಾನು. ಕೋಡುಗಲ್ಲಿನ ಮರೆಗಿದ್ದ ಅದು ನಮ್ಮ ಹಿತ್ತಲಿಗೆ ಕಾಣುತ್ತಿರಲಿಲ್ಲ. ಅದರ ಹಿಂದಿನದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕಾಣುವುದನ್ನು ನೋಡಿ ಕಾಣದ್ದನ್ನು ತಿಳಿಯಲು ಅವರೇ ಕಲಿಸಿದರು, ಅದೂ ಉಣ್ಣುವ ಹೊತ್ತಿನಲ್ಲಿ.

"ಮುಂದಿಂದು ಗಾಳೀನ ಉಂಡ್ಬಿಡ್ತೈತೆ ಕಣೆ. ಹಿಂದಿಂದಕ್ಕೆ ಎಂಜಲು ಗಾಳಿ. ಅದೂ ನೆಟ್ಟಗೆ ಬರಲ್ಲ, ಸುಳಿ ಸುತ್ಕಂಡು ಮುಗ್ಗರಿಸ್ಕಂಡು ಬರ್ತೈತೆ."

"ಓಹೋ, ನೀವುಂಡ ಮೇಲೆ ನಾನು ಉಂಡಂಗೆ," ಎಂದೆ. ಮಾರನೆಯ ದಿನದಿಂದ ಪುಣ್ಯಾತ್ಮರು ನನ್ನನ್ನು ಜೊತೆಗೆ ಕೂರಿಸಿಕೊಂಡೇ ಉಂಡರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಹಿತ್ತಲ ಕಾವಲು. ಅವರು ಮೇಲಿದ್ದರೆ ಆ ಮರೆಯ ಫ್ಯಾನು ನಿಂತಿರುತ್ತದೆ. ಹಿಂದಿನದಕ್ಕೆ ತಾಜಾ ಗಾಳಿ ಸಿಕ್ಕಿ ಹಾಯಾಗಿ ತಿರುಗುತ್ತದೆ. ಅವರಿಳಿದು ಮುಂದಿನದನ್ನು ಚಾಲೂ ಮಾಡಿದರೆ ಹಿಂದಿನದು ಮಂಕಾಗುತ್ತದೆ. ಅದು ಮಂಕಾದಷ್ಟೂ ನನಗೆ ಖುಷಿ.

ಒಂದು ದಿನ ಮಂಕಾಗಲೇ ಇಲ್ಲ. ಕತ್ತಲು ಕವಿಯುವವರೆಗೂ ಹಾಯಾಗಿ ತಿರುಗಿತು. ನನ್ನ ಜೀವ ಬಾಯಿಗೆ ಬಂತು, ಹಾಲುರಾಮೇಶ್ವರನಿಗೆ ಹರಕೆ ಹೊತ್ತೆ. ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನರು, ಕೈಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ! "ಗಾಳಿ ದಿಕ್ಕು ತಿರುಗೈತೆ ಕಣೆ. ಪಕ್ಕದಿಂದ ಬೀಸಿದ್ರೆ ಯಾರೂ ಯಾರ ಎಂಜಲೂ ಉಣ್ಣಲ್ಲ," ಎಂದು ನಕ್ಕರು. ಮೆಣಸಿನಕಾಯಿ ಬಜ್ಜಿ ತಿನ್ನುತ್ತಲೇ ಅತ್ತೆ. ಖಾರಕ್ಕೆ ಅಂದುಕೊಂಡರು.

ಆ ರಾತ್ರಿಯೇ ಇರಬೇಕು, "ಆ ಎಂಜಲು ಗಾಳಿ ಮುಂದೆ ಸತ್ತೋಗ್ತೈತಾ?" ಎಂದು ಕೇಳಿದ್ದು.

"ಇಲ್ಲ, ಫ್ಯಾನಿಗಿಂತ ಮೇಲಿರೋ ಗಾಳಿ ಕೆಳಕ್ಕೆ ಇಳೀತೈತೆ. ಆ ಸುಳಿನೇ ಅದನ್ನ ಎಳ್ಕಂತೈತೆ. ಎರಡೂ ಕಲಸ್ಕಂಡು, ದೂರ ಹೋದಂಗೆಲ್ಲ ಸರಿಹೋಗ್ತೈತೆ."

ಎಷ್ಟು ದೂರ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಅವರನ್ನು ಕೊಂಡೊಯ್ದದ್ದು ಫ್ಯಾನಲ್ಲ. ಹಗಲು ಹೊತ್ತಿನಲ್ಲಿ, ಮನೆಯಲ್ಲೇ, ಕಾಫಿ ಕೇಳಿ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. ಅಷ್ಟೆತ್ತರ ಹತ್ತಿ ಇಳಿದವರಿಗೆ ಒಂದು ಕುರ್ಚಿಯಿಂದ ಏಳಲಾಗಲಿಲ್ಲವೇ, ನೀವೇ ಹೇಳಿ! ಈಗಲೂ ಸಿಟ್ಟು ಬರುತ್ತದೆ. ಅವರು ಬೇಕು ನನಗೆ, ಅಷ್ಟೇ.

"ಆಂಟೀ..." ಶಿಲ್ಪ ಬೇಲಿಯಾಚೆಯಿಂದ ಮತ್ತೆ ಕೂಗಿದಳು. ಹೋಗದೆ ಇರಲಾದೀತೆ? ಹಿತ್ತಲಿಗೆ ಹೋಗಿ ತಲೆಯೆತ್ತಿದೆ. ಹಿಂದಿನ ಫ್ಯಾನು ಹಾಯಾಗಿ ತಿರುಗುತ್ತಿತ್ತು. ಸೆರಗು ಹಾರಬಿಟ್ಟು ಗಾಳಿಯ ದಿಕ್ಕನ್ನೂ ನೋಡಿದೆ. ಎಂದಿನ ಪಡುವಣ ಗಾಳಿಯೇ.

"ಇನ್ನೂ ಮೇಲವ್ರೆ ಕಣವ್ವ. ಬಾ, ಇಬ್ರೂ ನೋಡಾಣ."

ನನ್ನ ಕೈ ಗಟ್ಟಿಯಾಗಿ ಹಿಡಿದು ನಿಂತಳು. ಕೊನೆಗೂ ರೆಕ್ಕೆ ತಡವರಿಸಿತು, ನಿಧಾನವಾಯಿತು. "ಇಳಿದ್ರು! ಹೋಗು, ಹೋಗು," ಎಂದೆ. ಅವಳು ಮನೆಗೆ ಓಡಿದಳು. ನನ್ನ ಕಾಲುಗಳೂ ಓಡಿದವು. ಬೀದಿ ಬಾಗಿಲು ತೆಗೆದು ನಿಂತ ಮೇಲೆ, ಬರುವವರು ಯಾರೂ ಇಲ್ಲವೆಂದು ನೆನಪಾಯಿತು. ಆದರೂ ಬಾಗಿಲು ಹಾಕಲಿಲ್ಲ. ಅವಳ ಗಂಡನ ಬೈಕು ಬರುವವರೆಗೂ ಅಲ್ಲೇ ಕಾದೆ.