ಪರದೆ ಎಳೆದು ಕಳಿಸಿದ ಮಾತು

ಗೋವಿಂದರಾಜು ಮೇಷ್ಟ್ರಿಗೆ ಪಾಠ ಮಾಡಲು ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಬೋಗಾದಿಯ ಆಚೆಗಿದ್ದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಈ ಮಹಾಶಯರು, ತಮ್ಮದೇ ಲ್ಯಾಬಿನ ಮಾಲವಿಕಾ ಮೇಡಂ ಎದುರು ಟ್ರಾನ್ಸಿಸ್ಟರ್ ಬಿಟ್ಟು ಬೇರೆ ವಿಷಯ ಎತ್ತಿದವರಲ್ಲ. ಮಗನಿಗೆ ಹೆಣ್ಣು ನೋಡಿ ನೋಡಿ ತಾಯಿ ಚೂಡಾಮಣಿಯಮ್ಮ ಸೋತಿದ್ದರು. ಅವನ ಮನಸ್ಸಿನಲ್ಲಿ ಯಾರಿದ್ದಾರೆಂದು ಪಾಪ, ಅವರಿಗೇನು ಗೊತ್ತು? ಅಷ್ಟರಲ್ಲಿ ಭಾನುವಾರ ಮಾಲವಿಕಾರನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂಬ ಸುದ್ದಿ ಸ್ಟಾಫ್ ರೂಮಿಗೆ ಬಂತು.

ಆ ವರ್ಷ, ಅಂದರೆ 2008ರಲ್ಲಿ, ಮೇಷ್ಟ್ರಿಗೆ ಬೆಳಕಿನ ಹುಚ್ಚು ಹಿಡಿದಿತ್ತು. ಅವರು ಕಟ್ಟಿದ ಯಂತ್ರದಲ್ಲಿ ಪುಟ್ಟ ಎಲ್‌ಇಡಿ ದೀಪ ಮಿಣುಕಿದರೆ, ಎದುರಿನ ಕ್ಯಾಮೆರಾ ನೋಡಿ, ಅದನ್ನು ಕಂಪ್ಯೂಟರಿನಲ್ಲಿ ಅಕ್ಷರವಾಗಿ ಮೂಡಿಸುತ್ತಿತ್ತು. ರೇಡಿಯೋ ಅಲೆ ಗೋಡೆ ದಾಟಿ ಊರೆಲ್ಲ ಸುತ್ತುತ್ತದೆ, ಬೆಳಕಾದರೆ ಪರದೆ ಎಳೆದರಾಯಿತು, ಗುಟ್ಟು ಕೋಣೆಯೊಳಗೇ ಇರುತ್ತದೆ ಎಂಬುದು ಅವರ ವಾದ. ಯಾರ ಕ್ಯಾಮೆರಾ ಎಂದು ಬೆಳಕು ಕೇಳುವುದಿಲ್ಲ ಎಂದು ಮಾಲವಿಕಾ ನಗುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಧೈರ್ಯ ಮಾಡಿದರು. ಹೊಸ ಪ್ರಯೋಗವೆಂದು ಮೇಡಂನವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಕಿಟಕಿಗೆ ಪರದೆ ಎಳೆದು, ಬಾಗಿಲು ಹಾಕಿ, ಕೆಳಗಿನ ಸಂದಿಗೆ ಡಸ್ಟರ್ ತುರುಕಿದರು. "ಮಾಲವಿಕಾ, ನಿಮ್ಮ ಮನೆಗೆ ಅಮ್ಮನನ್ನು ಕರೆದುಕೊಂಡು ಬರಲೇ?" ಎಂಬ ಒಂದು ಸಾಲು ಮಿಣುಕುತ್ತ ಮಿಣುಕುತ್ತ, ಆಮೆಯ ಹಾಗೆ ಹೊರಟಿತು.

ಇಷ್ಟೆಲ್ಲ ಮುಚ್ಚಿದವರು ಬೀರುವಿನ ಮೇಲಿದ್ದ ಚಾಮುಂಡಿಯ ಫೋಟೋ ಮರೆತಿದ್ದರು. ಆಯುಧಪೂಜೆಗೆ ತಾವೇ ಫಳಫಳ ಒರೆಸಿಟ್ಟಿದ್ದ ಅದರ ಗಾಜಿಗೆ ಬಿದ್ದ ಬೆಳಕು, ಬಾಗಿಲ ಮೇಲಿನ ಗಾಜಿನ ಕಿಂಡಿಯಿಂದ ಹೊರಟು, ಎದುರಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಇಟ್ಟಿದ್ದ ಕ್ಯಾಮೆರಾಕ್ಕೆ ಸಿಕ್ಕಿತು. ಆ ಕ್ಯಾಮೆರಾಕ್ಕೆ ಓದಲು ಕಲಿಸಿದವರೂ ಮೇಷ್ಟ್ರೇ.

ಸಾಲು ಮುಗಿಯುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ತೆಗೆದರೆ ವಿಭಾಗದ ಮುಖ್ಯಸ್ಥ ವೆಂಕಟಸುಬ್ಬಯ್ಯನವರು, ಅವರ ಬೆನ್ನಿಗೆ ಎದುರಿನ ಲ್ಯಾಬಿನ ಇಡೀ ತರಗತಿ. ಅಮ್ಮನನ್ನು ಶನಿವಾರವೇ ಕರೆದುಕೊಂಡು ಹೋಗುವುದು ಒಳ್ಳೆಯದೆಂದು ಅವರು ಬಹಳ ಗಂಭೀರವಾಗಿ ಸಲಹೆ ಕೊಟ್ಟರು. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾಲವಿಕಾ ಮಾನಿಟರಿನಿಂದ ಕಣ್ಣೆತ್ತಿದರು.

"ಕರ್ಕೊಂಡು ಬನ್ನಿ ಸಾರ್. ಆದ್ರೆ ಒಂದ್ಸಲ ಬಾಯಲ್ಲೂ ಹೇಳ್ಬುಡಿ. ಹತ್ರ ಬಂದು ಹೇಳಿದ್ರೆ ನಂಗೊಬ್ಳಿಗೇ ಕೇಳ್ಸುತ್ತೆ."

ಗೋವಿಂದರಾಜು ಹತ್ತಿರ ಹೋದರು, ಬಗ್ಗಿದರು, ಏನೋ ಹೇಳಿದರು. ಬಾಗಿಲಲ್ಲಿ ಅಷ್ಟು ಜನ ಕಿವಿ ನಿಮಿರಿಸಿ ನಿಂತಿದ್ದರೂ ಒಂದಕ್ಷರ ಸಿಗಲಿಲ್ಲ. ಆ ಮಾತು ಏನೆಂದು ಮದುವೆ ಮನೆಯಲ್ಲೂ ಹೊರಬೀಳಲಿಲ್ಲ.